ಕಡಲಿಗೆ ಹಡಗು ಬಯಸಿದ ಹರಿಗೋಲಿನ ದ್ವೀಪ

ಶ್ರೀರಂಗಪಟ್ಟಣದಿಂದ ಮಂಗಳೂರಿನ ಕಡಲಿಗೆ ಘಟ್ಟ ಇಳಿದು ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಆದರೂ ಕನ್ನಡ ಕರಾವಳಿಯಲ್ಲಿ ಭಾರಿ ನೌಕಾಪಡೆ ಕಟ್ಟುವ ಯೋಜನೆಯೊಂದು ತಯಾರಾದದ್ದು ಈ ಊರಿನಲ್ಲಿ. 1796ರಲ್ಲಿ ಟಿಪ್ಪು ಸುಲ್ತಾನ್ ಹೊರಡಿಸಿದ ಹುಕುಂನಾಮೆಯ ಪ್ರಕಾರ ಕಟ್ಟಬೇಕಿದ್ದ ಯುದ್ಧನೌಕೆಗಳು 40: ಇಪ್ಪತ್ತು ದೊಡ್ಡವು, ಇಪ್ಪತ್ತು ಫ್ರಿಗೇಟ್‌ಗಳು. ಉಸ್ತುವಾರಿಗೆ ‘ಮೀರ್ ಯಮ್’ ಎಂಬ ಹುದ್ದೆಯ 11 ಮಂದಿ. ಕೆಲಸ ನಡೆಯಬೇಕಿದ್ದ ಜಾಗಗಳು ಮಂಗಳೂರು, ಮೀರ್ಜಾನ್, ಸದಾಶಿವಗಡದ ಆಸುಪಾಸು. ಮೂರು ವರ್ಷ ಕಳೆಯುವಷ್ಟರಲ್ಲಿ, 1799ರ ಮೇ 4ರಂದು, ರಾಜಧಾನಿ ಶ್ರೀರಂಗಪಟ್ಟಣವೇ ಬ್ರಿಟಿಷರ ಕೈಗೆ ಬಿತ್ತು. ನಲವತ್ತು ಹಡಗಿನ ಪಡೆ ಕಾಗದದಿಂದಾಚೆಗೆ ಪೂರ್ತಿಯಾಗಿ ಬರಲೇ ಇಲ್ಲ.

ಇದನ್ನು ಬರಿಯ ಹುಚ್ಚು ಕನಸೆಂದು ತಳ್ಳಿಹಾಕುವಂತಿಲ್ಲ. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು. ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿ ಅರಬ್ಬೀ ಸಮುದ್ರ ದಾಟುತ್ತಿದ್ದವು. 1786ರಲ್ಲಿ ಇಸ್ತಾಂಬುಲ್‌ಗೆ ಹೊರಟ ರಾಯಭಾರಿಗಳು ಹಡಗು ಹತ್ತಿದ್ದು ಉತ್ತರ ಕನ್ನಡದ ತದಡಿಯಲ್ಲಿ. ದೊಡ್ಡ ಬಂದರು ಮಾಡುವ ಪ್ರಸ್ತಾವ ಇಂದಿಗೂ ಬಂದು ಹೋಗುತ್ತಲೇ ಇರುವ ಅದೇ ತದಡಿ. ಆದರೆ ಘಟ್ಟದ ಮೇಲಿನ ಮಾಲು ಆ ಬಂದರುಗಳನ್ನು ಮುಟ್ಟುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಎರಡೂ ಕಡೆ ಕಾವೇರಿ ಹರಿಯುವ, ಐದು ಕಿಲೋಮೀಟರ್ ಉದ್ದದ ಈ ದ್ವೀಪದಲ್ಲಿ ಕುಳಿತು ಕಡಲಿನ ಲೆಕ್ಕ ಹಾಕಿದವರಿಗೆ ಕಾಲಬುಡದ ಹೊಳೆ ಮಾತ್ರ ಸರಕಿನ ದಾರಿಯಾಗಿ ಒದಗಲಿಲ್ಲ.

ಕಾರಣ ಹುಡುಕಲು ಕಡತ ಬೇಕಿಲ್ಲ. ಬೇಸಿಗೆಯಲ್ಲಿ ವೆಲ್ಲೆಸ್ಲಿ ಸೇತುವೆಯ ಬಳಿ ನಿಂತು ಹೊಳೆಯತ್ತ ನೋಡಿದರಾಯಿತು: ಬಂಡೆ, ಬಂಡೆಯ ನಡುವೆ ಮಡು, ಮತ್ತೆ ಬಂಡೆ. ಮೇಲೆ ಚುಂಚನಕಟ್ಟೆಯಲ್ಲಿ ಜಲಪಾತ, ಕೆಳಗೆ ಶಿವನಸಮುದ್ರದಲ್ಲಿ ಇನ್ನೂ ದೊಡ್ಡದು. ನಡುವೆ ಸಿಕ್ಕ ಸಮತಟ್ಟಿನಲ್ಲೆಲ್ಲ ಅರಸರು ಕಟ್ಟೆ ಹಾಕಿ ನಾಲೆ ಎಳೆದರು. ಗದ್ದೆಗೆ ನೀರು ತಿರುಗಿಸಲು ಹೊಳೆಗೆ ಅಡ್ಡಕಟ್ಟಿದ ಮೇಲೆ ದೋಣಿಗೆ ದಾರಿ ಎಲ್ಲಿಯದು? ಈ ಸೀಮೆ ಆಯ್ದುಕೊಂಡದ್ದು ಭತ್ತವನ್ನು. ತಪ್ಪು ಆಯ್ಕೆಯಂತೂ ಅಲ್ಲ.

ಹಾಗಾಗಿ ಇಲ್ಲಿ ಜಲಸಾರಿಗೆ ಎಂದರೆ ಹೊಳೆಯ ಉದ್ದಕ್ಕೆ ಹೋಗುವುದಲ್ಲ, ಅಡ್ಡಕ್ಕೆ ದಾಟುವುದು. ಬಿದಿರಿನ ಸೀಳು ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹರಿಗೋಲು, ಒಂದು ಹುಟ್ಟು, ಒಬ್ಬ ಅಂಬಿಗ. ಬಂಡೆಗೆ ತಾಗಿದರೆ ಗಿರ್ರನೆ ತಿರುಗಿ ಜಾರಿಕೊಳ್ಳುತ್ತದೆ. ಚೂಪು ಮೂತಿಯ ದೋಣಿಯಾದರೆ ಒಡೆದೀತು. ಪಟ್ಟಣ ಬಿದ್ದ ಮೇಲೆ ಇಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿ ಅದರ ಬೆಲೆ ಬಲ್ಲವನಾಗಿದ್ದ. 1803ರ ಮರಾಠಾ ಯುದ್ಧದಲ್ಲಿ ತುಂಬಿದ ಹೊಳೆಗಳನ್ನು ದಾಟಲು ಆತ ನೆಚ್ಚಿಕೊಂಡದ್ದು ಇಂಥ ಬುಟ್ಟಿದೋಣಿಗಳನ್ನೇ. ಅದಕ್ಕೆ ಮೊದಲು, 1791ರಲ್ಲಿ, ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಪಾಠ ಕಲಿಸಿದ್ದೂ ಹೊಳೆಯೇ. ಅರಕೆರೆಯ ಬಳಿ ಗೆದ್ದು ಕಣ್ಣಂಬಾಡಿಯವರೆಗೆ ಹೋದರೂ ಮಳೆ ಹಿಡಿದು ಕಾವೇರಿ ಏರಿತು, ಎತ್ತುಗಳು ಸತ್ತವು. ಮುತ್ತಿಗೆಗೆ ತಂದ ಭಾರಿ ಫಿರಂಗಿಗಳನ್ನು ಅಲ್ಲಿಯೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಮುಂದೆ 1799ರಲ್ಲಿ ಬ್ರಿಟಿಷರು ಮುಂಗಾರಿಗೆ ಮೊದಲೇ, ಹೊಳೆ ಬತ್ತಿರುವಾಗ ನುಗ್ಗಿದ್ದು ಸುಮ್ಮನೆ ಅಲ್ಲ.

ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರ ಹೊತ್ತಿಗೆ ಮುಗಿದ ವೆಲ್ಲೆಸ್ಲಿ ಸೇತುವೆಗೆ ಕಮಾನುಗಳಿಲ್ಲ. ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ. ಹೆಸರು ಗವರ್ನರ್ ಜನರಲ್ ಆಗಿದ್ದ ಅಣ್ಣನದು, ತಮ್ಮನದಲ್ಲ. ಹಳೆಯ ರಚನೆಗಳಲ್ಲಿ ಇದಕ್ಕಿಂತ ಸ್ವಾರಸ್ಯದ್ದು ಬಂಗಾರದೊಡ್ಡಿ ನಾಲೆ. ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುವ ಈ ಕಾಲುವೆ ಹೊಳೆಯ ಒಂದು ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪದೊಳಕ್ಕೆ ಬರುತ್ತದೆ. ಹೊಳೆಯ ಮೇಲೆ ಹೊಳೆಯದೇ ನೀರು! ಜನ ದಾಟಲು ಹರಿಗೋಲು, ನೀರು ದಾಟಲು ಸೇತುವೆ: ಈ ನಾಡಿನ ಆದ್ಯತೆ ಇಷ್ಟರಲ್ಲೇ ತಿಳಿಯುತ್ತದೆ. ಕೃಷ್ಣರಾಜಸಾಗರದ ನೀರನ್ನು ಮಂಡ್ಯದ ಕಡೆಗೆ ಕಳಿಸಲು ಹುಲಿಕೆರೆಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದ ವಿಶ್ವೇಶ್ವರಯ್ಯ ನಾಲೆಯೂ ಅದೇ ವಂಶದ್ದು.

ನೆರೆಯ ಪಾಂಡವಪುರದ ಕಥೆ ಸೇನೆಯದು, ಆಮೇಲೆ ರೈಲಿನದು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅನಿಸಿಕೊಂಡ ಹಿರೋಡೆ ಇದು. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ಹಳಿ ಈ ದಾರಿಯಲ್ಲಿ ಬಂದ ಮೇಲೆ ಹೊಳೆಯ ಸಾಗಣೆಯ ಯೋಚನೆಗೆ ಜಾಗವೇ ಉಳಿಯಲಿಲ್ಲ.

ಕೆ.ಆರ್. ಪೇಟೆಯಲ್ಲಿ ಹೇಮಾವತಿಗೂ ಹೇಮಗಿರಿ, ಮಂದಗೆರೆಗಳಲ್ಲಿ ಅಣೆಕಟ್ಟೆಗಳು. ಆದರೆ ತಾಲ್ಲೂಕಿನ ತೆಂಕಣ ಅಂಚಿನಲ್ಲಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವಲ್ಲಿ, ಕೆಆರ್‌ಎಸ್ ಹಿನ್ನೀರು ನಿಜವಾದ ವಿಸ್ತಾರದ ನೀರನ್ನು ಹರಡಿದೆ. ದಂಡೆಯ ಊರು ಅಂಬಿಗರಹಳ್ಳಿ. 2022ರ ಅಕ್ಟೋಬರಿನಲ್ಲಿ ಕುಂಭಮೇಳ ನಡೆದ ತ್ರಿವೇಣಿ ಸಂಗಮ ಇದೇ. ಈ ಸೀಮೆಯಲ್ಲಿ ದೋಣಿ ಓಡಿಸುವಷ್ಟು ಆಳ ಎಲ್ಲಾದರೂ ಇದ್ದರೆ ಇಲ್ಲಿ. ಆದರೆ ಜಲಾಶಯದ ಮಟ್ಟ 124.80 ಅಡಿಯಿಂದ ಇಳಿಯುತ್ತ ಹೋದಂತೆ ದಂಡೆಯೂ ಹಿಂದೆ ಸರಿಯುತ್ತದೆ. ಕಾಯಂ ಜೆಟ್ಟಿ ಕಟ್ಟುವವರಿಗೆ ಇದು ತಲೆನೋವಿನ ಜಾಗ.

ಕೇಂದ್ರದ 2016ರ ಕಾಯ್ದೆ ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳನ್ನು ಹೆಸರಿಸಿತು. ಪಕ್ಕದ ಮೈಸೂರು ಜಿಲ್ಲೆಯ ಕಬಿನಿ ಪಟ್ಟಿಯಲ್ಲಿದೆ. ಕಾವೇರಿಯೂ ಇದೆ, ಆದರೆ ತಮಿಳುನಾಡಿನ ಬಯಲಿನಲ್ಲಿ, ಕೊಳ್ಳಿಡಂ ಜೊತೆಗೆ. ಶ್ರೀರಂಗಪಟ್ಟಣದ ಕಾವೇರಿಗೆ ಜಾಗವಿಲ್ಲ. ಇರದಿದ್ದದ್ದೇ ಒಳ್ಳೆಯದು. ಹೂಳೆತ್ತಿ ಬಂಡೆ ಸಿಡಿಸಿ ಕಾಲುವೆ ಮಾಡಲು ಹೊರಟರೆ ಎದುರಿಗೆ ರಂಗನತಿಟ್ಟು ಸಿಗುತ್ತದೆ: 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸಾರ್ ತಾಣ, ಮೊಸಳೆಗಳ ಮನೆ.

ಹಾಗಾದರೆ ಕಡಲಿನ ನಂಟು? ಅದು ನೀರೇ ಕಡಿಮೆಯಿರುವ ನಾಗಮಂಗಲದಲ್ಲಿದೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೂಲಕ ಸಾಗುತ್ತದೆ. ಗ್ಯಾಸ್ ಟ್ಯಾಂಕರ್, ಕಂಟೇನರ್ ಲಾರಿಗಳು ನವಮಂಗಳೂರು ಬಂದರಿಗೆ ಹೋಗಿ ಬರುವ ದಾರಿ ಇದು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಇಲ್ಲಿಯವರೆಗೆ ಅದರ ಬಿಸಿ. 2017ರಿಂದ ಬೆಂಗಳೂರು–ಹಾಸನ ರೈಲೂ ಬಿ.ಜಿ. ನಗರದ ಮೇಲೆ ಓಡುತ್ತಿದೆ. ಅಂದಹಾಗೆ, ಟಿಪ್ಪು ಹಡಗು ಕಟ್ಟಿಸಲು ಬಯಸಿದ ಮಂಗಳೂರಿನ ಹೊಸ ಬಂದರನ್ನು ಪ್ರಮುಖ ಬಂದರೆಂದು ಘೋಷಿಸಿದ್ದು 1974ರ ಮೇ 4ರಂದು; ರಾಜಧಾನಿ ಬಿದ್ದು ಸರಿಯಾಗಿ 175 ವರ್ಷಕ್ಕೆ.

ನೋಡಲು ಹೋಗುವವರು ಬಂಗಾರದೊಡ್ಡಿ ಮೇಲ್ಗಾಲುವೆ, ವೆಲ್ಲೆಸ್ಲಿ ಸೇತುವೆ, ಗಂಜಾಂ ಆಚೆಯ ಸಂಗಮ, ಇಷ್ಟನ್ನು ಅರ್ಧ ದಿನದಲ್ಲಿ ಮುಗಿಸಬಹುದು. ಹರಿಗೋಲು ಹತ್ತುವ ಮೊದಲು ಜೀವರಕ್ಷಕ ಜಾಕೆಟ್ ಕೇಳಿ ಪಡೆಯಿರಿ. ಸುಳಿ ನೋಟಕ್ಕೆ ಕಾಣುವುದಿಲ್ಲ. ಮಳೆಗಾಲದಲ್ಲಾದರೆ ಕೆಆರ್‌ಎಸ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ಅಂದಿನ ಪತ್ರಿಕೆಯಲ್ಲಿ ನೋಡಿಕೊಂಡೇ ಹೊರಡಿ. ಹೊರಹರಿವು ಏರಿದರೆ ರಂಗನತಿಟ್ಟಿನ ದೋಣಿವಿಹಾರ ನಿಲ್ಲುತ್ತದೆ.