ಸಿಹಿಯಾಗಿದ್ದರೂ ವಿಷ

ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್, ಪಾಲಿಯೆಸ್ಟರ್ ಬಟ್ಟೆ, ಬ್ರೇಕ್ ಆಯಿಲ್, ಮಕ್ಕಳ ಜ್ವರದ ಸಿರಪ್ – ಇವುಗಳಿಗೆ ಪರಸ್ಪರ ಏನು ಸಂಬಂಧ? ಇವೆಲ್ಲದರ ತಯಾರಿಕೆಯಲ್ಲೂ ಗ್ಲೈಕಾಲ್ ಎಂಬ ರಾಸಾಯನಿಕ ಕುಟುಂಬದ ಯಾವುದಾದರೊಬ್ಬ ಸದಸ್ಯನ ಪಾತ್ರವಿರಬಹುದು.

ಈ ಕುಟುಂಬದ ಮೂವರನ್ನು ನಾವು ತಿಳಿದಿರಬೇಕು. ಎಥಿಲೀನ್ ಗ್ಲೈಕಾಲ್ ಸುಮಾರು 197 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಇದನ್ನು ಬೆರೆಸಿದ ನೀರು ಎಂಜಿನ್ನಿನ ಬಿಸಿಗೆ ಬೇಗ ಕುದಿಯುವುದಿಲ್ಲ, ಚಳಿಗೆ ಬೇಗ ಹೆಪ್ಪುಗಟ್ಟುವುದಿಲ್ಲ. ಪಾಲಿಯೆಸ್ಟರ್ ನೂಲಿಗೂ ಇದೇ ಕಚ್ಚಾವಸ್ತು. ಡೈಎಥಿಲೀನ್ ಗ್ಲೈಕಾಲ್ ಬ್ರೇಕ್ ಆಯಿಲ್‌ನಂಥ ಕೈಗಾರಿಕಾ ವಸ್ತುಗಳಲ್ಲಿ ಬಳಕೆಯಾಗುತ್ತದೆ. ಇವೆರಡೂ ವಿಷ. ಮೂರನೆಯದಾದ ಪ್ರೊಪಿಲೀನ್ ಗ್ಲೈಕಾಲನ್ನು ಮಾತ್ರ ಔಷಧಿ ಹಾಗೂ ಆಹಾರದಲ್ಲಿ ನಿಗದಿತ ಪ್ರಮಾಣದಲ್ಲಿ ಬಳಸಬಹುದು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಗಳನ್ನು ಅದು ಕರಗಿಸುತ್ತದೆ.

ತೊಂದರೆಯಿರುವುದು ಇಲ್ಲಿಯೇ. ಮೂರೂ ಬಣ್ಣವಿಲ್ಲದ, ಮಂದವಾದ, ಸ್ವಲ್ಪ ಸಿಹಿಯಾದ ದ್ರವಗಳು. ಕಣ್ಣಾಗಲಿ ನಾಲಿಗೆಯಾಗಲಿ ಇವುಗಳ ವ್ಯತ್ಯಾಸ ಹೇಳಲಾರದು. ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಆ ಪರೀಕ್ಷೆ ತಪ್ಪಿದಾಗಲೆಲ್ಲ ಜೀವಗಳು ಹೋಗಿವೆ. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫಾ ಔಷಧಿಯಿಂದ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕಲಬೆರಕೆಯ ಗ್ಲಿಸರಿನ್ 14 ರೋಗಿಗಳನ್ನು ಬಲಿ ತೆಗೆದುಕೊಂಡಿತು. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು.

ಎಥಿಲೀನ್ ಗ್ಲೈಕಾಲ್ ಹೊಟ್ಟೆ ಸೇರಿದಾಗ ಯಕೃತ್ತು ಅದನ್ನು ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಕೊನೆಗೆ ಉಂಟಾಗುವ ಆಕ್ಸಲೇಟ್ ಹರಳುಗಳು ಮೂತ್ರಪಿಂಡಗಳಲ್ಲಿ ಕೂರುತ್ತವೆ. ಡೈಎಥಿಲೀನ್ ಗ್ಲೈಕಾಲ್ ಕೂಡ ಮುಖ್ಯವಾಗಿ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಮೊದಲು ಅಮಲೇರಿದಂಥ ಮಂಪರು, ವಾಂತಿ, ಹೊಟ್ಟೆನೋವು ಕಾಣಿಸಬಹುದು. ಬಳಿಕ ಮೂತ್ರ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಬೇಗ ಆಸ್ಪತ್ರೆ ಸೇರಿದರೆ ಪ್ರತಿವಿಷ ಮತ್ತು ಡಯಾಲಿಸಿಸ್‌ನಿಂದ ಉಳಿಸುವ ಸಾಧ್ಯತೆಯಿದೆ.

ಹಾಗಾದರೆ ನಾವು ಮಾಡಬೇಕಾದುದೇನು?

ಕೂಲಂಟನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ನೆಲಕ್ಕೆ ಚೆಲ್ಲಿದರೆ ಕೂಡಲೇ ತೊಳೆಯಿರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದು. ಐದು ವರ್ಷದವರೆಗೂ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಔಷಧಿ ಕೊಂಡಾಗ ರಸೀತಿ ಪಡೆಯಿರಿ, ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ ಅಳಿಸದಂತೆ ನೋಡಿಕೊಳ್ಳಿ. ಸಿರಪ್ ಕುಡಿದ ಮಗು ಮೂತ್ರ ಮಾಡುವುದು ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ, ಆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ.