ಹಿಮದ ಮೇಲೆ ತೇಲುವ ಹೈಲಕ್ಸ್

2010ರ ನವೆಂಬರ್‌ನಲ್ಲಿ ಎಂಟು ಮಂದಿ ಭಾರತೀಯರು ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಿಂದ ಹೊರಟು ದಕ್ಷಿಣ ಧ್ರುವ ಮುಟ್ಟಿದರು. ನಮ್ಮ ದೇಶದ ಮೊದಲ ವೈಜ್ಞಾನಿಕ ಧ್ರುವಯಾತ್ರೆ ಅದು. ಮುಂದಾಳತ್ವ ಗೋವಾದ ಧ್ರುವ ಸಂಶೋಧನಾ ಕೇಂದ್ರದ ರಸಿಕ್ ರವೀಂದ್ರ ಅವರದು. ಹೋಗುವ ದಾರಿಯೊಂದೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಸಾಮಾನ್ಯವಾಗಿ ಸಾಮಾನು ಹೊರುವುದು ಟ್ಯಾಂಕಿನ ಹಾಗೆ ಪಟ್ಟಿಯ ಮೇಲೆ ಉರುಳುವ ಭಾರೀ ಯಂತ್ರಗಳು. ಗಂಟಲು ಪೂರ್ತಿ ಡೀಸೆಲ್ ಕುಡಿದು ನಿಧಾನಕ್ಕೆ ಸಾಗುತ್ತವೆ. ನಮ್ಮವರು ಹೋದದ್ದು ಮಾತ್ರ ಗಾಳಿ ತುಂಬಿದ ಟೈರಿನ ಗಾಡಿಗಳಲ್ಲಿ. ಅವನ್ನು ಸಿದ್ಧಪಡಿಸಿಕೊಟ್ಟದ್ದು ಐಸ್‌ಲ್ಯಾಂಡಿನ ಆರ್ಕ್ಟಿಕ್ ಟ್ರಕ್ಸ್ ಕಂಪನಿ.

ಈ ಕಂಪನಿ ಗಾಡಿಯನ್ನು ತಯಾರಿಸುವುದಿಲ್ಲ, ತಿದ್ದುತ್ತದೆ. 1990ರಲ್ಲಿ ಐಸ್‌ಲ್ಯಾಂಡಿನ ಟೊಯೋಟಾ ಮಾರಾಟಗಾರರ ಒಂದು ವಿಭಾಗವಾಗಿ ಶುರುವಾದದ್ದು. ಅವರ ಕೈಯಲ್ಲಿ ಹೆಚ್ಚು ಪಳಗಿದ ಗಾಡಿ ಟೊಯೋಟಾ ಹೈಲಕ್ಸ್ ಪಿಕಪ್. 2022ರಿಂದ ನಮ್ಮ ಬಿಡದಿಯ ಕಾರ್ಖಾನೆಯಿಂದಲೂ ಹೊರಬರುತ್ತಿರುವುದು ಅದೇ ಹೆಸರಿನ ಪಿಕಪ್ಪೇ. 2007ರಲ್ಲಿ ಬಿಬಿಸಿಯ ‘ಟಾಪ್ ಗೇರ್’ ತಂಡ ಉತ್ತರ ಕಾಂತಧ್ರುವದ ಕಡೆಗೆ ಓಡಿಸಿದ್ದು ಇವರು ತಿದ್ದಿದ ಹೈಲಕ್ಸನ್ನು. (ಕಾಂತಧ್ರುವ ನಿಂತಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅವರು ತಲುಪಿದ್ದು 1996ರಲ್ಲಿ ಅದು ಇದ್ದ ಜಾಗವನ್ನು. ಟಿವಿಯವರಿಗೆ ಅಷ್ಟು ಸಾಕು.) ಪಿಕಪ್ಪನ್ನು ಎತ್ತರಿಸುವ ಖಯಾಲಿ ಅಮೆರಿಕದಲ್ಲಿದೆ, ಆಸ್ಟ್ರೇಲಿಯಾದಲ್ಲಿದೆ, ಈಚೆಗೆ ನಮ್ಮ ಸಕಲೇಶಪುರ, ಮಡಿಕೇರಿ ಕಡೆಯ ಜೀಪುಪ್ರಿಯರಲ್ಲೂ ಇದೆ. ಆದರೆ ನೆಲದ ಹತ್ತನೇ ಒಂದು ಭಾಗ ಹಿಮನದಿಯೇ ಇರುವ ದೇಶದಲ್ಲಿ ಅದು ಶೋಕಿಯಾಗಿ ಉಳಿಯಲಿಲ್ಲ. ಅಲ್ಲಿ ಹಿಮದಲ್ಲಿ ಸಿಲುಕಿದವರನ್ನು ಹುಡುಕಿ ತರುವ ಸ್ವಯಂಸೇವಕರ ಗಾಡಿಗಳೂ ಇಂಥವೇ.

ಮೊದಲು ಹಿಮದ ಲೆಕ್ಕ ನೋಡೋಣ. ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟೋ, ಟೈರು ನೆಲವನ್ನು ಅದುಮುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಸಾಮಾನು ಸಹಿತ 2,400 ಕಿಲೋ ತೂಗುವ ಪಿಕಪ್ಪಿಗೆ 35 ಪಿಎಸ್‌ಐ ಗಾಳಿ ಹಾಕಿದ್ದೀರಿ ಎನ್ನಿ. ಆಗ ಒಂದೊಂದು ಟೈರೂ ನೆಲಕ್ಕೆ ತಾಗುವ ಜಾಗ ಸುಮಾರು 250 ಚದರ ಸೆಂಟಿಮೀಟರ್, ಅಂದರೆ 21 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಒಂದು ತುಂಡು. ಡಾಂಬರಿಗೆ ಇದು ಸರಿ. ಹೊಸ ಹಿಮದ ಮೇಲೆ ಗಾಡಿ ಚಾಸಿಯವರೆಗೂ ಇಳಿದು ಕೂರುತ್ತದೆ. ಗಾಳಿಯನ್ನು 4 ಪಿಎಸ್‌ಐಗೆ ಇಳಿಸಿದರೆ ತಾಗುವ ಜಾಗ ಲೆಕ್ಕದ ಪ್ರಕಾರ ಒಂಬತ್ತು ಪಟ್ಟಿನ ಹತ್ತಿರಕ್ಕೆ ಬರುತ್ತದೆ. ಟೈರಿನ ಗೋಡೆ ತಾನೂ ಒಂದಿಷ್ಟು ಭಾರ ಹೊರುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಆದರೂ ಬಹಳ ದೊಡ್ಡದು. ಹೋಲಿಕೆಗೆ, 70 ಕಿಲೋ ತೂಕದ ಮನುಷ್ಯ ಒಂಟಿ ಕಾಲಲ್ಲಿ ನಿಂತಾಗ ಪಾದದಡಿ ಬೀಳುವ ಒತ್ತಡ ಸುಮಾರು 5 ಪಿಎಸ್‌ಐ. ಹಾಗಾಗಿ ಕೆಳಗಿಳಿದ ಚಾಲಕ ಮೊಣಕಾಲಿನವರೆಗೆ ಹೂತುಹೋಗುವ ಜಾಗದಲ್ಲಿ ಅವನ ಗಾಡಿ ಮೇಲೆಯೇ ನಿಂತಿರುತ್ತದೆ. ಐಸ್‌ಲ್ಯಾಂಡಿನವರು ಹಿಮ ಮೆದುವಾದಷ್ಟೂ ಗಾಳಿ ಇಳಿಸುತ್ತ 2-3 ಪಿಎಸ್‌ಐವರೆಗೂ ಹೋಗುತ್ತಾರೆ.

ಹಾಗಾದರೆ ಇದ್ದ ಟೈರಿನ ಗಾಳಿಯನ್ನೇ ಬಿಡಬಹುದಲ್ಲ, ದೊಡ್ಡದು ಯಾಕೆ? ಹೈಲಕ್ಸಿಗೆ ಕಂಪನಿಯಿಂದ ಬರುವ ಟೈರಿನ ವ್ಯಾಸ ಸುಮಾರು ಮೂವತ್ತೂವರೆ ಇಂಚು, ಅಂದರೆ 77 ಸೆಂ.ಮೀ. ಅದು 4 ಪಿಎಸ್‌ಐನಲ್ಲಿ ತನ್ನ ಪಾಲಿನ ಭಾರ ಹೊರಬೇಕಾದರೆ ನೆಲದ ಮೇಲೆ ಒಂದು ಮೀಟರಿಗಿಂತ ಉದ್ದಕ್ಕೆ ಚಪ್ಪಟೆಯಾಗಬೇಕು. ತನ್ನ ವ್ಯಾಸಕ್ಕಿಂತ ಉದ್ದಕ್ಕೆ ಯಾವ ಟೈರೂ ಚಪ್ಪಟೆಯಾಗದು. ಅದಕ್ಕೆ ಬಹಳ ಮೊದಲೇ ರಿಮ್ಮು ನೆಲಕ್ಕೆ ಬಡಿಯುತ್ತದೆ. 38 ಇಂಚು ಎತ್ತರ, 39 ಸೆಂ.ಮೀ. ಅಗಲದ ಟೈರಿಗೆ ಅದೇ ಕೆಲಸಕ್ಕೆ 55 ಸೆಂ.ಮೀ. ಉದ್ದ ಸಾಕು. ಎತ್ತರದ ಗೋಡೆಯಿರುವುದರಿಂದ ಕುಸಿಯಲು ಜಾಗವೂ ಇದೆ. ಅಂಟಾರ್ಕ್ಟಿಕಾದ ಗಾಡಿಗಳಿಗೆ 44 ಇಂಚಿನ ಟೈರು ಹಾಕುವುದು ಈ ಕಾರಣಕ್ಕೇ. ಎತ್ತರಿಸುವ ಮಾತು ಬರುವುದು ಇಲ್ಲಿಂದ ಮುಂದೆ. ಮೂವತ್ತರ ಗೂಡಿನಲ್ಲಿ ಮೂವತ್ತೆಂಟನ್ನು ಕೂರಿಸಬೇಕಲ್ಲ.

ಅಗ್ಗದ ದಾರಿ ಎಂದರೆ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಮೇಲೆತ್ತುವುದು. ಮಡ್‌ಗಾರ್ಡ್ ಮೇಲೇರುತ್ತದೆ, ಚಾಸಿ ಇದ್ದಲ್ಲೇ ಇರುತ್ತದೆ. ಇನ್ನೊಂದು, ಸಸ್ಪೆನ್ಷನ್ನನ್ನೇ ಎತ್ತರಿಸಿ ಆಕ್ಸಲ್‌ಗೂ ಚಾಸಿಗೂ ಇರುವ ಅಂತರ ಹೆಚ್ಚಿಸುವುದು. ಅಂಗಡಿಯಲ್ಲಿ ‘ಲಿಫ್ಟ್ ಕಿಟ್’ ಎಂದು ಮಾರುವುದು ಬಹುಪಾಲು ಇದನ್ನೇ.

ಕೊಳ್ಳುವವರಲ್ಲಿ ಅನೇಕರು ಗಮನಿಸದ ಒಂದು ಸಂಗತಿ ಇದೆ. ಪಿಕಪ್ಪಿನಡಿ ನೆಲಕ್ಕೆ ಅತಿ ಹತ್ತಿರ ಇರುವುದು ಸಾಮಾನ್ಯವಾಗಿ ಹಿಂದಿನ ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಗುಂಡು. ಕಲ್ಲಿಗೆ ಮೊದಲು ಬಡಿಯುವುದು ಅದೇ. ಸ್ಪ್ರಿಂಗ್ ಇರುವುದು ಆಕ್ಸಲ್‌ನ ಮೇಲೆ. ಆದ್ದರಿಂದ ಸ್ಪ್ರಿಂಗನ್ನು ಆರು ಇಂಚು ಎತ್ತರಿಸಿದರೂ ಆ ಗುಂಡು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಅದನ್ನು ಮೇಲೆತ್ತುವ ಶಕ್ತಿ ಟೈರಿಗೆ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ಮೂವತ್ತೂವರೆಯಿಂದ ಮೂವತ್ತೆಂಟಕ್ಕೆ ಹೋದರೆ ಸಿಗುವುದು ಒಂಬತ್ತೂವರೆ ಸೆಂಟಿಮೀಟರ್. ಸಸ್ಪೆನ್ಷನ್ ಎತ್ತರಿಸಿದ್ದರಿಂದ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುವುದು ತಪ್ಪುತ್ತದೆ, ಮೂತಿ ಹಳ್ಳದ ದಡಕ್ಕೆ ಗುದ್ದುವುದು ತಪ್ಪುತ್ತದೆ, ನಿಜ. ಆದರೆ ಹಳೇ ಟೈರಿನಲ್ಲೇ ಎತ್ತರಿಸಿಕೊಂಡು ಕಲ್ಲುದಾರಿಗೆ ಇಳಿದವರದು ಗುಡ್ಡ ಅಗೆದು ಇಲಿ ಹಿಡಿದ ಕಥೆ.

ಮತ್ತೆ ಆ ಎತ್ತರಕ್ಕೆ ಬೆಲೆ ತೆರುವುದು ಗಾಡಿಯಡಿಯ ಪ್ರತಿಯೊಂದು ಕೀಲು. ಈಗಿನ ಹೈಲಕ್ಸಿನ ಮುಂಭಾಗದಲ್ಲಿ ಎರಡೂ ಚಕ್ರಗಳಿಗೆ ಬೇರೆಬೇರೆ ತೋಳು. ಡಿಫರೆನ್ಷಿಯಲ್ ಚಾಸಿಗೆ ಬೋಲ್ಟಾಗಿರುತ್ತದೆ. ಚಾಸಿ ಮೇಲೆದ್ದರೆ ಅದೂ ಎದ್ದಿತು, ಚಕ್ರ ಕೆಳಗೇ ಉಳಿಯಿತು. ನಡುವಿನ ಶಾಫ್ಟು ಓರೆಯಾಯಿತು. ಅದರ ಎರಡು ತುದಿಯ ಸಿವಿ ಜಾಯಿಂಟ್‌ಗಳು ತೀರಾ ಬಾಗಿದ ಕೋನದಲ್ಲಿ ಬಹುಕಾಲ ಬಾಳುವುದಿಲ್ಲ. ರಬ್ಬರ್ ಬೂಟು ಹರಿಯುತ್ತದೆ, ಗ್ರೀಸು ಹೊರಬರುತ್ತದೆ, ಮಣ್ಣು ಒಳಹೋಗುತ್ತದೆ. ತಿರುವಿನಲ್ಲಿ ‘ಟಕ ಟಕ’ ಸದ್ದು ಕೇಳಿಸಿತೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಡಿಫರೆನ್ಷಿಯಲ್ಲನ್ನೇ ಕೆಳಕ್ಕಿಳಿಸುವ ಬ್ರ್ಯಾಕೆಟ್ ಸಿಗುತ್ತದೆ. ಹಾಕಿಸಿದರೆ ಶಾಫ್ಟು ನೇರವಾಗುತ್ತದೆ, ಆದರೆ ಕಷ್ಟಪಟ್ಟು ಗಳಿಸಿದ ಎತ್ತರ ಆ ಜಾಗದಲ್ಲಿ ವಾಪಸು ಹೋಗುತ್ತದೆ.

ಹಿಂಭಾಗದಲ್ಲಿ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್ ಪಟ್ಟಿಗಳು. ಸುಲಭದ ಉಪಾಯ, ಪಟ್ಟಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಬಿಗಿಯುವುದು. ಇದು ನನಗೆ ಸ್ವಲ್ಪವೂ ಹಿಡಿಸದ ಉಪಾಯ. ಎಕ್ಸಲರೇಟರ್ ಒತ್ತಿದಾಗ ಚಕ್ರ ಮುಂದಕ್ಕೆ ತಿರುಗಿದರೆ ಆಕ್ಸಲ್ ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕ್ ಆ ತಿರುಚಿಗೆ ಸನ್ನೆಕೋಲಾಗಿ, ಪಟ್ಟಿಗಳು ಹಾವಿನಂತೆ ಬಳುಕಿ, ಚಕ್ರ ಎಗರುತ್ತದೆ. ಹೆಚ್ಚು ಬಾಗಿಸಿದ ಹೊಸ ಪಟ್ಟಿಗಳ ಸೆಟ್ ಹಾಕಿಸುವುದು ದುಬಾರಿಯಾದರೂ ಸರಿಯಾದ ಕೆಲಸ.

ಅಷ್ಟಾದರೂ ಪ್ರೊಪೆಲ್ಲರ್ ಶಾಫ್ಟಿನ ತಕರಾರು ಮುಗಿಯದು. ಅದರ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟಿಗೆ, ಮೆಕ್ಯಾನಿಕ್‌ಗಳ ‘ಕ್ರಾಸ್’ಗೆ, ಒಂದು ವಿಚಿತ್ರ ಗುಣವಿದೆ. ಬಾಗಿದ ಸ್ಥಿತಿಯಲ್ಲಿ ಒಂದು ಬದಿಯನ್ನು ಸಮವೇಗದಲ್ಲಿ ತಿರುಗಿಸಿದರೆ ಇನ್ನೊಂದು ಬದಿ ಸಮವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಐದು ಡಿಗ್ರಿ ಕೋನದಲ್ಲಿ ಈ ಏರಿಳಿತ ಶೇಕಡಾ ಅರ್ಧಕ್ಕಿಂತ ಕಡಿಮೆ, ಗೊತ್ತೇ ಆಗದು. ಇಪ್ಪತ್ತು ಡಿಗ್ರಿಯಲ್ಲಿ ಶೇಕಡಾ ಆರಕ್ಕೇರುತ್ತದೆ. ಎರಡು ತುದಿಯ ಕೋನಗಳೂ ಸಮನಾಗಿದ್ದರೆ ಒಂದರ ಓಲಾಟವನ್ನು ಇನ್ನೊಂದು ಸರಿದೂಗಿಸುತ್ತದೆ. ಎತ್ತರಿಸುವಾಗ ಆಕ್ಸಲ್ ಕೊಂಚ ತಿರುಗಿ ಕೂತಿತೋ, ಆ ಸಮತೋಲ ಹೋಯಿತು. ಅರವತ್ತರ ವೇಗದಲ್ಲಿ ಸೀಟಿನಡಿ ಗುಂಯ್ ಎನ್ನುವ ನಡುಕ ಶುರುವಾಗುತ್ತದೆ. ಮಾಲೀಕ ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತ ತಿರುಗುತ್ತಾನೆ.

ಇವೆಲ್ಲ ದುಡ್ಡಿನ ನಷ್ಟ. ಮಗುಚುವುದು ಹಾಗಲ್ಲ. ಗಾಡಿಯ ಸ್ಥಿರತೆ ನೋಡಲು ಎಂಜಿನಿಯರುಗಳು ಬಳಸುವ ಸೂತ್ರ ಸರಳ: ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿ. ಅಂತರ 154 ಸೆಂ.ಮೀ., ಎತ್ತರ 72 ಸೆಂ.ಮೀ. ಎಂದಿಟ್ಟುಕೊಂಡರೆ ಉತ್ತರ 1.07, ಅಂಥ ಗಾಡಿ ಸುಮಾರು 47 ಡಿಗ್ರಿ ವಾಲುವವರೆಗೆ ಉರುಳದು. ಗುರುತ್ವಕೇಂದ್ರ 15 ಸೆಂ.ಮೀ. ಮೇಲೇರಿದರೆ 0.89ಕ್ಕೆ ಇಳಿಯುತ್ತದೆ, ಕೋನ 41ರ ಆಸುಪಾಸಿಗೆ. ಇದು ನಿಂತ ಗಾಡಿಯ ಲೆಕ್ಕ. ಓಡುವ ಗಾಡಿ ತಿರುವಿನಲ್ಲಿ ಸ್ಪ್ರಿಂಗಿನ ಮೇಲೆ ವಾಲುವುದರಿಂದ ಕೈಕೊಡುವುದು ಇನ್ನೂ ಬೇಗ. ಈಗ ಎತ್ತರವನ್ನು ಹಾಗೇ ಬಿಟ್ಟು ಚಕ್ರಗಳ ಅಂತರವನ್ನು 20 ಸೆಂ.ಮೀ. ಹಿಗ್ಗಿಸಿ ನೋಡಿ. ಉತ್ತರ ಮತ್ತೆ 1ಕ್ಕೆ ಬರುತ್ತದೆ.

ಐಸ್‌ಲ್ಯಾಂಡಿನವರ ಜಾಣತನ ಇರುವುದು ಇಲ್ಲಿಯೇ. ಅವರು ಎತ್ತುವುದು ಸ್ವಲ್ಪ, ಕತ್ತರಿಸುವುದು ಬಹಳ. ಮಡ್‌ಗಾರ್ಡ್ ಕಮಾನನ್ನು, ಒಳಗಿನ ತಗಡನ್ನು, ಬೇಕಾದರೆ ಬಾಗಿಲ ಬುಡವನ್ನೂ ಕೊಯ್ದು, ಮತ್ತೆ ಬೆಸುಗೆ ಹಾಕಿ, ಅಗಲದ ಫೈಬರ್ ಮಡ್‌ಗಾರ್ಡ್ ಕೂರಿಸುತ್ತಾರೆ. ಚಕ್ರಗಳನ್ನು ಹೊರಕ್ಕೆ ಸರಿಸುತ್ತಾರೆ, ಮುಂದಿನದನ್ನು ಇನ್ನಷ್ಟು ಮುಂದಕ್ಕೆ ಒಯ್ಯುವುದೂ ಉಂಟು. ಟೈರಿಗೆ ಜಾಗವೂ ಸಿಕ್ಕಿತು, ಗಾಡಿಯ ತೂಕವೂ ಕೆಳಗೇ ಉಳಿಯಿತು. ಅಮೆರಿಕದ ಪ್ರದರ್ಶನಗಳಲ್ಲಿ ಏಣಿ ಹಾಕಿ ಹತ್ತುವ ಪಿಕಪ್ಪುಗಳ ಪಕ್ಕ ನಿಲ್ಲಿಸಿದರೆ ಇವು ಕುಳ್ಳ, ದಢೂತಿ. ನನ್ನ ಕಣ್ಣಿಗೆ ಚೆಂದವಾಗಿ ಕಾಣುವುದು ಇವೇ.

ದೊಡ್ಡ ಟೈರು ಎಂಜಿನ್ನಿನ ಲೆಕ್ಕವನ್ನೂ ಕೆಡಿಸುತ್ತದೆ. ಒಂದು ಸುತ್ತಿಗೆ ಗಾಡಿ ಕಾಲುಭಾಗ ಹೆಚ್ಚು ದೂರ ಹೋಗುವುದರಿಂದ ಎಲ್ಲ ಗೇರುಗಳೂ ಒಂದು ಮೆಟ್ಟಿಲು ಮೇಲೇರಿದಂತೆ. ಎಳೆಯುವ ಬಲ ಐದರಲ್ಲೊಂದು ಪಾಲು ಕುಸಿಯುತ್ತದೆ. ಮೀಟರ್ 80 ತೋರಿಸುವಾಗ ಗಾಡಿ 100ರಲ್ಲಿ ಓಡುತ್ತಿರುತ್ತದೆ. ಮದ್ದು, ಆಕ್ಸಲ್‌ನೊಳಗಿನ ಕ್ರೌನ್-ಪಿನಿಯನ್ ಬದಲಿಸುವುದು: 3.9 ಅನುಪಾತ ಇದ್ದಲ್ಲಿ 4.88 ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಹಿಂದೆ, ಮುಂದೆ ಎರಡೂ ಕಡೆ ಹಾಕಬೇಕು. ಇಲ್ಲವಾದರೆ ಫೋರ್ ವೀಲ್ ಡ್ರೈವ್ ಹಾಕಿದೊಡನೆ ಎರಡು ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಏನಾದರೊಂದನ್ನು ಮುರಿಯುತ್ತವೆ. ಬ್ರೇಕಿನದೂ ಇದೇ ಪಾಡು. ಡಿಸ್ಕಿನ ಹಿಡಿತ ಅಷ್ಟೇ, ಚಕ್ರದ ತ್ರಿಜ್ಯ ಹೆಚ್ಚು; ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ತಡೆಯುವ ಬಲ ಐದನೇ ಒಂದರಷ್ಟು ಕಡಿಮೆ. ಕ್ರೌನ್-ಪಿನಿಯನ್ ಬದಲಿಸಿದ್ದರಿಂದ ಇದು ಸರಿಯಾಗುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಕಿಟ್ ಮಾರುವವರು ಈ ವಿಷಯ ತಾವಾಗಿ ಹೇಳುವುದು ಅಪರೂಪ. ಅಪಘಾತವಾದಾಗ ವಿಮೆಯವರು ಮರೆಯದೆ ಕೇಳುತ್ತಾರೆ. ಐಸ್‌ಲ್ಯಾಂಡಿನಲ್ಲಾದರೋ ತಿದ್ದಿದ ಗಾಡಿಯನ್ನು ತಪಾಸಣೆಗೆ ಒಡ್ಡಿ, ಮಾರ್ಪಡಿಸಿದ ವಾಹನವೆಂದೇ ನೋಂದಾಯಿಸುವ ವ್ಯವಸ್ಥೆಯಿದೆ.

ಹಾಗಾಗಿ ಮಲೆನಾಡಿನ ತೋಟದ ರಸ್ತೆಯಲ್ಲಿ ಮಳೆಗಾಲಕ್ಕೊಮ್ಮೆ ಹೂತುಕೊಳ್ಳುವ ಪಿಕಪ್ ನಿಮ್ಮದಾಗಿದ್ದರೆ, ಲಿಫ್ಟ್ ಕಿಟ್ಟಿಗೆ ಮುಂಗಡ ಕೊಡುವ ಮೊದಲು ಒಂದು ಒಳ್ಳೆಯ ಗಾಳಿ ಮೀಟರು, ಬ್ಯಾಟರಿಗೆ ಸಿಕ್ಕಿಸುವ ಒಂದು ಪಂಪು ಕೊಳ್ಳಿ. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ನಿಧಾನಕ್ಕೆ ಓಡಿಸಿ, ಸ್ಟೀರಿಂಗನ್ನು ಗಕ್ಕನೆ ತಿರುಗಿಸಬೇಡಿ. ಟೈರು ರಿಮ್ಮಿನಿಂದ ಕಳಚೀತು. ಡಾಂಬರು ಸಿಕ್ಕ ಕೂಡಲೇ ನಿಂತು ಮೊದಲಿನಷ್ಟು ಗಾಳಿ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯ ಟೈರು ವೇಗದಲ್ಲಿ ಬಿಸಿಯಾಗಿ ಸಿಡಿಯುತ್ತದೆ.