ಮೋಟಾರಿನ ಎಂಜಿನ್ ಕೋಣೆಯ ಶುಚಿತ್ವ

ಮಳೆಗಾಲ ಮುಗಿದು ನವರಾತ್ರಿ ಬಂದಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಸೊಸೈಟಿಗಳ ಅಂಗಳದಲ್ಲಿ ಒಂದು ಸೊಗಸಾದ ನೋಟ ಕಾಣಸಿಗುವುದು. ಆಯುಧಪೂಜೆಗೆಂದು ಮೋಟಾರು ಕಾರುಗಳನ್ನು ತೊಳೆದು ಒರಸಿ, ಚೆಂಡುಹೂವಿನ ಮಾಲೆ ತೊಡಿಸಿ, ಕುಂಕುಮವಿಡುವರು. ಕಾರಿನ ಮೈಯೆಲ್ಲ ಕನ್ನಡಿಯಂತೆ ಹೊಳೆಯುವುದು. ಆದರೆ ಬಾನೆಟ್ಟನ್ನೆತ್ತಿ ಒಳಗೆ ನೋಡಿದವರೆಷ್ಟು ಮಂದಿ? ಅಲ್ಲಿ ನಾಲ್ಕು ತಿಂಗಳ ಕೆಸರು, ಒಣಗಿದ ಎಲೆ, ಎಣ್ಣೆಯ ಜಿಡ್ಡು, ಕೆಲವೆಡೆ ಇಲಿಯ ಗೂಡೂ ಇರುವುದುಂಟು. ಈ ಎಂಜಿನ್ ಕೋಣೆಯನ್ನು ಮನೆಯಲ್ಲಿಯೇ ಏಕೆ ಮತ್ತು ಹೇಗೆ ಶುಚಿಗೊಳಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಉದ್ದೇಶವನ್ನು ತಿಳಿಯೋಣ. ಹೊಳಪು ಇಲ್ಲಿ ಮುಖ್ಯವಲ್ಲ. ಜಿಡ್ಡು ತುಂಬಿದ ಎಂಜಿನಿನಲ್ಲಿ ಎಣ್ಣೆ ಎಲ್ಲಿಂದ ಸೋರುತ್ತಿದೆಯೆಂದು ತಿಳಿಯುವುದು ಕಷ್ಟ; ಶುಚಿಯಾದ ಎಂಜಿನಿನಲ್ಲಿಯಾದರೋ ಹೊಸದಾಗಿ ಒಸರಿದ ಹನಿ ಒಡನೆಯೇ ಕಣ್ಣಿಗೆ ಬೀಳುವುದು. ಎರಡನೆಯದಾಗಿ, ಹೊಗೆಯ ಕೊಳವೆ ಬಹಳ ಕಾಯುವುದರಿಂದ ಅದರ ಬಳಿಯ ಒಣ ಎಲೆಗೂ ಎಣ್ಣೆಯ ಚಿಂದಿಗೂ ಬೆಂಕಿ ಹತ್ತುವ ಭಯವಿದೆ. ಮೂರನೆಯದಾಗಿ, ಬೆಚ್ಚಗಿನ ಸ್ಥಳವನ್ನರಸಿ ಬರುವ ಇಲಿಗಳು ತಂತಿಗಳ ಹೊದಿಕೆಯನ್ನು ಕಡಿಯುತ್ತವೆ. ಬರಿದಾದ ತಂತಿಗಳು ಪರಸ್ಪರ ತಗುಲಿದರೆ ಕಿಡಿ ಹಾರುವುದು. ಆದುದರಿಂದ ಶುಚಿಗೊಳಿಸುವುದೆಂದರೆ ಪರೀಕ್ಷಿಸುವುದೆಂದೇ ನಾವು ಅರಿಯಬೇಕು.

ಹಾಗಾದರೆ ಕೊಳಾಯಿಯ ನೀರನ್ನು ರಭಸವಾಗಿ ಬಿಟ್ಟು ತೊಳೆದುಬಿಡಬಹುದಲ್ಲ ಎಂದು ಕೇಳುವಿರಿ. ಹಾಗೆ ಮಾಡಲಾಗದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬಯಿಯೂ ಅದರ ನೆರೆಯ ಊರುಗಳೂ ಮುಳುಗಿದುದನ್ನು ಹಿರಿಯರಿಂದ ಕೇಳಿರುವಿರಿ. ಅಂತಹ ನೆರೆಯಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಹೋದರೆ ಎಂಜಿನ್ ಮುರಿಯಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು. ನೀರನ್ನು ಹಾಗೆ ಕುಗ್ಗಿಸಲಾಗದು. ಗಾಳಿಯ ದಾರಿಯಿಂದ ಸಿಲಿಂಡರಿನೊಳಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು, ಅದನ್ನು ನಡೆಸುವ ಉಕ್ಕಿನ ತೋಳೇ ಬಾಗುವುದು. ನೆರೆಯ ನೀರಾಗಲಿ, ಕೊಳಾಯಿಯ ನೀರಾಗಲಿ, ಎಂಜಿನಿಗೆ ಭೇದವಿಲ್ಲ.

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರು ಹಲವು ದಶಕ ಮುಂಬಯಿಯ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ನಿವೃತ್ತವಾಯಿತು. ಅದರ ಯಂತ್ರ ಸರಳವಾದುದು. ಕಿಡಿಯನ್ನು ಹಂಚುವ ಭಾಗ ಒದ್ದೆಯಾಗಿ ಎಂಜಿನ್ ನಿಂತರೆ ಒಣಬಟ್ಟೆಯಿಂದ ಒರಸಿ ಮುಂದೆ ಸಾಗಬಹುದಾಗಿತ್ತು. ಇಂದಿನ ಕಾರಿನಲ್ಲಿಯಾದರೋ ಹಲವಾರು ಸೆನ್ಸರುಗಳೂ ಒಂದು ಪುಟ್ಟ ಕಂಪ್ಯೂಟರೂ ಇವೆ. ಅವುಗಳ ಜೋಡಣೆಗಳೊಳಗೆ ನೀರು ನಿಂತರೆ ಕಿಲುಬು ಹತ್ತುವುದು. ದೋಷವು ಅಂದೇ ಕಾಣದೆ ಎಷ್ಟೋ ದಿನಗಳ ಮೇಲೆ ತಲೆದೋರಬಹುದು.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಇದನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಕೀಲಿಕೈ ಹೊರಗಿರಬೇಕು. ಬಿಸಿ ಎಂಜಿನಿನ ಪಂಖ ತಾನಾಗಿಯೇ ತಿರುಗತೊಡಗುವುದುಂಟು; ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುವುದು. ಕಾರಿನ ಕೈಪಿಡಿಯನ್ನು ಓದಿ, ಹಿರಿಯರು ಪಾನಾದಿಂದ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಜೋಡಿಸಬೇಕು. ಕಾರಿನ ಲೋಹದ ಮೈ ಋಣ ತುದಿಗೆ ಸೇರಿರುವುದರಿಂದ, ಧನ ತುದಿಯನ್ನು ಮೊದಲು ಬಿಚ್ಚುವಾಗ ಪಾನಾ ಮೈಗೆ ತಗುಲಿದರೆ ಭಾರಿ ಕಿಡಿ ಏಳುವುದು. ವಿದ್ಯುತ್ತಿನಿಂದ ನಡೆಯುವ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತಿದೆ. ಅವನ್ನು ಮುಟ್ಟಲೇ ಕೂಡದು.

ಬಳಿಕ ಕೈಗವಸು ತೊಟ್ಟು, ಮೂಗುಬಾಯಿಗಳನ್ನು ಮುಚ್ಚಿಕೊಂಡು ಎಲೆಗಳನ್ನು ಆಯ್ದು ತೆಗೆಯಬೇಕು. ಇಲಿಯ ಹಿಕ್ಕೆಯಿದ್ದರೆ ಒಣಗಿದ್ದಂತೆ ಗುಡಿಸದೆ, ಕ್ರಿಮಿನಾಶಕ ಬೆರೆಸಿದ ನೀರಿನಿಂದ ನೆನೆಸಿ ಒರಸತಕ್ಕದ್ದು. ಗಾಳಿಯ ದಾರಿ, ಫ್ಯೂಸಿನ ಪೆಟ್ಟಿಗೆ, ಆಲ್ಟರ್ನೇಟರ್ ಇವುಗಳಿಗೆ ಪ್ಲಾಸ್ಟಿಕ್ ಹೊದಿಸಬೇಕು. ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ ಇಷ್ಟಿದ್ದರೆ ಸಾಕು. ಬ್ಯಾಟರಿಯ ತುದಿಯಲ್ಲಿ ಕಟ್ಟಿದ ಬಿಳಿಯ ಪುಡಿ ಆಮ್ಲದಿಂದಾದುದು. ಅಡುಗೆ ಸೋಡಾ ಬೆರೆಸಿದ ನೀರು ಅದನ್ನು ಶಮನಗೊಳಿಸುವುದು. ಪೆಟ್ರೋಲಾಗಲಿ ಸೀಮೆಎಣ್ಣೆಯಾಗಲಿ ಬೇಡವೇ ಬೇಡ. ಎಲ್ಲವೂ ಒಣಗಿದ ಮೇಲೆ ಹೊದಿಕೆಗಳನ್ನು ಮರೆಯದೆ ತೆಗೆದು, ಬ್ಯಾಟರಿಯನ್ನು ಜೋಡಿಸಬೇಕು. ತಂತಿ ಕಡಿದಿದ್ದರೆ ಅಥವಾ ಎಣ್ಣೆ ಸೋರುತ್ತಿದ್ದರೆ ಮೆಕ್ಯಾನಿಕನಿಗೆ ತೋರಿಸಬೇಕು.

ಕೊನೆಯ ಮಾತೊಂದಿದೆ. ಜಿಡ್ಡಿನ ನೀರನ್ನು ಅಂಗಳದ ಗಟಾರಕ್ಕೆ ಚೆಲ್ಲಬಾರದು. ಮಳೆನೀರಿನ ಗಟಾರದ ದಾರಿ ಉಲ್ಹಾಸ್ ನದಿಯತ್ತ, ಇಲ್ಲವೆ ಠಾಣೆಯ ಖಾಡಿಯತ್ತ ಸಾಗುವುದು. ಆ ಖಾಡಿಗೆ ಪ್ರತಿವರ್ಷವೂ ಗುಲಾಬಿ ಬಣ್ಣದ ರಾಜಹಂಸಗಳು ಬರುತ್ತವೆ; 2022ರಲ್ಲಿ ಅದು ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಕಾರಿನ ಕೊಳೆ ಹಕ್ಕಿಗಳ ಅನ್ನಕ್ಕೆ ಬೀಳುವುದಾದರೆ ಅದನ್ನು ಶುಚಿತ್ವವೆನ್ನಬಹುದೇ? ಜಿಡ್ಡನ್ನು ಮೊದಲು ಹಳೆಯ ಕಾಗದದಿಂದಲೂ ಬಟ್ಟೆಯಿಂದಲೂ ಒರಸಿ ತೆಗೆದು, ಅವನ್ನು ಬೇರೆಯಾಗಿ ಕಟ್ಟಿ, ಅಪಾಯಕರ ಕಸವೆಂದು ಹೇಳಿ ಕಸದವರಿಗೆ ಒಪ್ಪಿಸಬೇಕು.

ಈ ಸಲದ ಆಯುಧಪೂಜೆಗೆ ಮಾಲೆ ಹಾಕುವ ಮುನ್ನ ಮನೆಯ ಹಿರಿಯರೊಡನೆ ಒಮ್ಮೆ ಬಾನೆಟ್ಟನ್ನೆತ್ತಿ ನೋಡಿರಿ. ಕಾಣದ ಕಡೆಯಲ್ಲಿಯೂ ಶುಚಿಯಾಗಿರುವುದೇ ನಿಜವಾದ ಶುಚಿತ್ವವಲ್ಲವೇ?